ಕಡಲು ದಾಟುವ ಔಷಧ: ಅಮಿನ್‌ದಿವಿ ದ್ವೀಪಗಳ ವೈದ್ಯಕೀಯ ಸರಬರಾಜು – ಒಂದು ವಿವೇಚನೆ

ದ್ವೀಪವಾಸಿಗಳ ಆರೋಗ್ಯವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಆಸ್ಪತ್ರೆ, ವೈದ್ಯರು ಮತ್ತು ಹಾಸಿಗೆಗಳ ಸಂಖ್ಯೆಯಿಂದ ತಮ್ಮ ನಿರೂಪಣೆಯನ್ನು ಆರಂಭಿಸುವುದು ವಾಡಿಕೆ. ಆ ಅಂಕಿಗಳು ಅಗತ್ಯವೇ ಆಗಿದ್ದರೂ, ಆಸ್ಪತ್ರೆಯ ಕಪಾಟಿನಲ್ಲಿ ಔಷಧವಿಲ್ಲದ ದಿನ ವೈದ್ಯನಿದ್ದೂ ಇಲ್ಲದಂತೆಯೇ ಸರಿ. ಆ ಕಪಾಟಿಗೆ ಔಷಧವು ಎಲ್ಲಿಂದ, ಯಾವ ತಿಂಗಳಲ್ಲಿ, ಯಾವ ದೋಣಿಯಲ್ಲಿ, ಯಾವ ಸ್ಥಿತಿಯಲ್ಲಿ ಬಂದು ಸೇರುತ್ತದೆ ಎಂಬ ಪ್ರಶ್ನೆಗೆ ನಮ್ಮ ಅಧ್ಯಯನಗಳಲ್ಲಿ ದೊರೆತಿರುವ ಗಮನ ಅತ್ಯಲ್ಪ. ಪ್ರಸ್ತುತ ಲೇಖನದಲ್ಲಿ ಒಂದು ಕಾಲಕ್ಕೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವೇ ಆಗಿದ್ದ ಅಮಿನ್‌ದಿವಿ ದ್ವೀಪಗಳನ್ನೂ, ಅವುಗಳನ್ನು ಒಳಗೊಂಡ ಲಕ್ಷದ್ವೀಪ ಸಮೂಹವನ್ನೂ ಮುಂದಿರಿಸಿಕೊಂಡು ಈ ಪ್ರಶ್ನೆಯನ್ನು ವಿವೇಚಿಸಲು ಪ್ರಯತ್ನಿಸಲಾಗಿದೆ. ದ್ವೀಪಕ್ಕೆ ಔಷಧ ಒಯ್ಯುವ ಕಾರ್ಯವನ್ನು ದೂರದ ಸಮಸ್ಯೆಯೆಂದು ಭಾವಿಸುವುದು ರೂಢಿ. ವಾಸ್ತವವಾಗಿ ಅದು ಕಾಲದ ಸಮಸ್ಯೆ. ಮೈಲಿಗಳ ಲೆಕ್ಕದಿಂದ ಅರ್ಥವಾಗದ ಅನೇಕ ಸಂಗತಿಗಳು ಪಂಚಾಂಗವನ್ನು ಎದುರಿಗೆ ಇಟ್ಟುಕೊಂಡರೆ ತಿಳಿಯಾಗುತ್ತವೆ.

ದಕ್ಷಿಣ ಕನ್ನಡದ ದ್ವೀಪಗಳು

ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್ ಮತ್ತು ಬಿತ್ರ ಎಂಬ ಐದು ಜನವಸತಿಯುಳ್ಳ ದ್ವೀಪಗಳ ಗುಂಪಿಗೆ ಅಮಿನ್‌ದಿವಿ ಎಂಬ ಹೆಸರು ಬಳಕೆಯಲ್ಲಿದೆ. ಮಂಗಳೂರಿನಿಂದ ನೇರ ರೇಖೆಯಲ್ಲಿ ಇವು ಸುಮಾರು 250ರಿಂದ 320 ಕಿಲೋಮೀಟರು ದೂರದಲ್ಲಿವೆ. ಕಣ್ಣಾನೂರಿನ ಅರಕ್ಕಲ್ ಮನೆತನದ ಆಡಳಿತದಿಂದ ಬೇಸತ್ತ ಅಮಿನಿಯ ಕೆಲವರು 1780ರ ದಶಕದಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಆಶ್ರಯ ಬೇಡಿದರು. ಐದು ದ್ವೀಪಗಳೂ ಮೈಸೂರಿನ ಅಧೀನಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವು ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ, ಮಂಗಳೂರಿನಿಂದಲೇ ಆಳಲ್ಪಟ್ಟವು. (ದ್ವೀಪಗಳ ನಡುವೆ ಬಹುಕಾಲ ಸಂಚರಿಸಿದ ಸರ್ಕಾರಿ ನೌಕೆಯೊಂದಕ್ಕೆ ‘ಟಿಪ್ಪು ಸುಲ್ತಾನ್’ ಎಂದೇ ಹೆಸರಿಡಲಾಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು.) ಮುಂದೆ ಒಂದೂವರೆ ಶತಮಾನಕ್ಕೂ ಮಿಕ್ಕು ಅವುಗಳ ಆಡಳಿತದ ಸೂತ್ರ ದಕ್ಷಿಣ ಕನ್ನಡದ ಕಲೆಕ್ಟರರ ಕೈಯಲ್ಲಿತ್ತು, ಸ್ಥಳದಲ್ಲಿ ಮೊನೇಗಾರನೆಂಬ ಅಧಿಕಾರಿಯಿರುತ್ತಿದ್ದ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡವು ಮೈಸೂರು ರಾಜ್ಯವನ್ನು ಸೇರಿದ ದಿನವೇ ಈ ಐದು ದ್ವೀಪಗಳು ಜಿಲ್ಲೆಯಿಂದ ಬೇರೆಯಾಗಿ ಹೊಸ ಕೇಂದ್ರಾಡಳಿತ ಪ್ರದೇಶದ ಅಂಗವಾದವು. ಏಕೀಕರಣದ ಇತಿಹಾಸದಲ್ಲಿ ಕಾಸರಗೋಡಿನ ಅಗಲಿಕೆಗೆ ದೊರೆತಿರುವ ಪುಟಗಳನ್ನೂ ಈ ದ್ವೀಪಗಳ ಅಗಲಿಕೆಗೆ ದೊರೆತಿರುವ ಪುಟಗಳನ್ನೂ ಹೋಲಿಸಿ ನೋಡಿದರೆ ಎರಡನೆಯದು ಬಹುತೇಕ ಮೌನವೇ ಆಗಿದೆ.

ಮಂಗಳೂರಿಗೂ ಈ ದ್ವೀಪಗಳಿಗೂ ಇದ್ದ ನಂಟಿನ ಆಧಾರ ತೆಂಗಿನ ನಾರು ಮತ್ತು ಅಕ್ಕಿ. ದ್ವೀಪದ ನಾರನ್ನು ಸರ್ಕಾರವೇ ಕೊಂಡು ಅದಕ್ಕೆ ಪ್ರತಿಯಾಗಿ ಅಕ್ಕಿ ನೀಡುವ ಪದ್ಧತಿ ದೀರ್ಘಕಾಲ ಜಾರಿಯಲ್ಲಿತ್ತು. ಆದುದರಿಂದ ನಾರು, ಅಕ್ಕಿಗಳು ಸರ್ಕಾರಿ ಲೆಕ್ಕದಲ್ಲಿ ಸ್ಪಷ್ಟವಾಗಿ ಉಳಿದಿವೆ. ಔಷಧದ ಸಂಗತಿ ಹಾಗಲ್ಲ. ತೆರಿಗೆಯಿಲ್ಲದ ಸರಕಿಗೆ ಲೆಕ್ಕದ ಪುಸ್ತಕದಲ್ಲಿ ಅಂಕಣ ದೊರೆಯುವುದು ವಿರಳ. ಓಡವೇರಿ ಬಂದವನು ಬಂದರಿನ ಅಂಗಡಿಯಲ್ಲಿ ಕೊಂಡು ತನ್ನ ಗಂಟಿನಲ್ಲಿ ಕಟ್ಟಿಕೊಂಡು ಹೋದ ಲೇಹ್ಯವಾಗಲಿ, ಕ್ವಿನೈನಾಗಲಿ ರಫ್ತಿನ ಪಟ್ಟಿಯಲ್ಲಿ ನಮೂದಾಗಲು ಕಾರಣವೇ ಇರಲಿಲ್ಲ. ಇತಿಹಾಸಕಾರನಿಗೆ ಇದು ತೊಡಕು. ಅಕ್ಕಿಯ ಮೂಟೆಗಳಷ್ಟೇ ಕಡಲು ದಾಟಿದವೆಂದು ದಾಖಲೆಯ ಬಲದಿಂದ ಹೇಳಿಬಿಡುವ ಅಪಾಯ ಇಲ್ಲಿದೆ.

ಪರಿಹಾರ ಸಾಮಗ್ರಿಯ ದೋಣಿಗೆ ರಾಜಕೀಯ ಪರಿಣಾಮವೂ ಇರಬಲ್ಲದು ಎಂಬುದಕ್ಕೆ ನೆರೆಯ ಗುಂಪಿನ ಇತಿಹಾಸದಲ್ಲಿ ನಿದರ್ಶನವಿದೆ. 1847ರಲ್ಲಿ ಭೀಕರ ಚಂಡಮಾರುತವು ಆಂಡ್ರೋತ್ ದ್ವೀಪವನ್ನು ಹಾಳುಗೆಡವಿತು. ನೊಂದವರಿಗೆ ನೆರವು ಒದಗಿಸಲು ಅರಸುಮನೆಗೆ ಹಣ ಸಾಲದಾದಾಗ ಕಂಪನಿಯ ಅಧಿಕಾರಿ ವಿಲಿಯಂ ರಾಬಿನ್ಸನ್ ಸಾಲ ನೀಡಲು ಮುಂದಾದನು. ಬಡ್ಡಿ ಬೆಳೆಯಿತು, ಸಾಲ ತೀರಲಿಲ್ಲ. 1854ರಲ್ಲಿ ಉಳಿದ ದ್ವೀಪಗಳ ಆಡಳಿತವೂ ಕಂಪನಿಯ ಕೈಸೇರಿತು. ನೆರವಾಗಿ ಆರಂಭವಾದದ್ದು ಏಳು ವರ್ಷಗಳಲ್ಲಿ ಒಡೆತನವಾಗಿ ಪರಿಣಮಿಸಿತು.

ಬಾಗಿಲು ಮುಚ್ಚುವ ಕಡಲು

ಲಕ್ಷದ್ವೀಪದ ಒಟ್ಟು ಭೂಭಾಗ ಕೇವಲ 32 ಚದರ ಕಿಲೋಮೀಟರು. ಜನವಸತಿ ಇರುವ ದ್ವೀಪಗಳು ಹತ್ತು. 2011ರ ಜನಗಣತಿಯ ಪ್ರಕಾರ ಅರವತ್ತನಾಲ್ಕು ಸಾವಿರಕ್ಕೂ ಹೆಚ್ಚು ಜನರಿದ್ದರು. ಒಂದು ಸಾಧಾರಣ ತಾಲ್ಲೂಕು ಕೇಂದ್ರದ ಜನಸಂಖ್ಯೆ ಇದು. ಆದರೆ ಈ ಜನ ಹತ್ತು ತುಣುಕುಗಳಲ್ಲಿ ಹರಡಿ, ತುಣುಕು ತುಣುಕುಗಳ ನಡುವೆ ತೆರೆದ ಕಡಲನ್ನು ಇರಿಸಿಕೊಂಡು ಬಾಳುತ್ತಿದ್ದಾರೆ. ಮಿನಿಕಾಯ್ ದ್ವೀಪವಂತೂ ಒಂಬತ್ತು ಡಿಗ್ರಿ ಕಾಲುವೆಯ ಆಚೆ, ಉಳಿದವುಗಳಿಂದ ಬಹುದೂರದಲ್ಲಿ ಒಂಟಿಯಾಗಿದೆ. ಅಲ್ಲಿಯ ಭಾಷೆ ಮಹಲ್, ಅದರ ಲಿಪಿಯೂ ಬೇರೆ. ಮಲಯಾಳದ ಒಳನುಡಿಯಾದ ಜೆಸರಿಯನ್ನಾಡುವ ಇತರ ದ್ವೀಪಗಳಿಗಾಗಿ ಸಿದ್ಧಪಡಿಸಿದ ಔಷಧ ಸೇವನೆಯ ಸೂಚನೆಯು ಅಲ್ಲಿ ಹಾಗೆಯೇ ಉಪಯೋಗಕ್ಕೆ ಬಾರದು.

ನೈಋತ್ಯ ಮಾರುತ ಆರಂಭವಾಗುವ ಮುನ್ನ, ಮೇ 15ರ ಸುಮಾರಿಗೆ, ಮಂಜಿಗಳ ಸಂಚಾರ ನಿಲ್ಲುತ್ತದೆ. ಮತ್ತೆ ಆರಂಭವಾಗುವುದು ಸೆಪ್ಟೆಂಬರ್ 15ರ ಅನಂತರ. ಹಾಯಿಯ ಕಾಲದಲ್ಲಿ ಪ್ರಕೃತಿಯೇ ವಿಧಿಸಿದ್ದ ಈ ನಾಲ್ಕು ತಿಂಗಳ ತಡೆ ಯಂತ್ರ ಅಳವಡಿಸಿದ ಮಂಜಿಗಳ ಕಾಲಕ್ಕೆ ಸರ್ಕಾರಿ ನಿಯಮವಾಯಿತು. ಸ್ವಾತಂತ್ರ್ಯಾನಂತರ ಬಂದ ದೊಡ್ಡ ಉಕ್ಕಿನ ಹಡಗುಗಳು ಮಳೆಗಾಲದಲ್ಲಿಯೂ ಸಂಚರಿಸುತ್ತವೆ. ಅಗತ್ತಿಯಲ್ಲಿ 1988ರಿಂದ ವಿಮಾನ ನಿಲ್ದಾಣವಿದೆ. ತುರ್ತು ರೋಗಿಗಳನ್ನು ಸಾಗಿಸಲು ಹೆಲಿಕಾಪ್ಟರಿನ ಏರ್ಪಾಡೂ ಆಗಿದೆ. ಆದರೂ ಮಳೆಗಾಲದ ಹಡಗು ಬರುವ ದಿನವನ್ನು ನಿಶ್ಚಿತವಾಗಿ ಹೇಳಲಾಗದು. ಬಂದರೂ ಸರಕು ಇಳಿಯುವುದೆಂಬ ಭರವಸೆಯಿಲ್ಲ. ಆಸ್ಪತ್ರೆಯ ಉಗ್ರಾಣಿಕನು ತನ್ನ ದಾಸ್ತಾನನ್ನು ಲೆಕ್ಕ ಹಾಕಬೇಕಾದುದು ಬರಬಹುದಾದ ಹಡಗನ್ನು ನಂಬಿ ಅಲ್ಲ, ಬಾರದೆ ಹೋಗಬಹುದಾದ ಹಡಗನ್ನು ನೆನೆದು.

ಈ ಲೆಕ್ಕದ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ. ಮುಖ್ಯಭೂಮಿಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಂಗಳಿಗೆ ನೂರು ಬಾಟಲಿ ಲವಣದ್ರಾವಣ ವೆಚ್ಚವಾಗುವುದೆಂದು ಇಟ್ಟುಕೊಳ್ಳೋಣ. ಬೇಡಿಕೆಪಟ್ಟಿ ಕಳುಹಿಸಿದ ಹದಿನೈದು ದಿನಗಳಲ್ಲಿ ಸರಕು ಬರುವುದಾದರೆ, ಕಪಾಟಿನಲ್ಲಿ ನೂರು ಬಾಟಲಿ ಇದ್ದರೆ ಸಾಕು. ಅದರಲ್ಲಿ ಅರ್ಧ ಸಾಮಾನ್ಯ ವೆಚ್ಚಕ್ಕೆ, ಅರ್ಧ ಅನಿರೀಕ್ಷಿತಕ್ಕೆ. ಅದೇ ವೆಚ್ಚದ ದ್ವೀಪದ ಕೇಂದ್ರವು ಮೇ ಆರಂಭದಲ್ಲಿ ನಾಲ್ಕು ತಿಂಗಳ ನಾನೂರು ಬಾಟಲಿಯನ್ನೂ, ಅದರ ಮೇಲೆ ಅನಿರೀಕ್ಷಿತಕ್ಕೆ ಇನ್ನೊಂದಿಷ್ಟನ್ನೂ ಇರಿಸಿಕೊಳ್ಳಬೇಕಾಗುತ್ತದೆ. ಅಂದರೆ ಐದು ಪಟ್ಟು ದಾಸ್ತಾನು, ಐದು ಪಟ್ಟು ಜಾಗ. ತೇವ ತುಂಬಿದ ಉಪ್ಪುಗಾಳಿಯ ಉಗ್ರಾಣದಲ್ಲಿ ಇದನ್ನು ಕೆಡದಂತೆ ಕಾಪಾಡುವುದು ಇನ್ನೊಂದು ಕೆಲಸ. ಕ್ಯಾಪ್ಸೂಲುಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಸ್ಪಿರಿನ್ ಮಾತ್ರೆಯು ತೇವಕ್ಕೆ ವಿಘಟನೆಗೊಂಡು ಹುಳಿವಾಸನೆ ಬೀರತೊಡಗುತ್ತದೆ. ಡಬ್ಬಿ ತೆರೆದಾಗ ವಿನೆಗರಿನ ವಾಸನೆ ಬಂದರೆ ಆ ಮಾತ್ರೆಗಳನ್ನು ಬಳಸಬಾರದು. ಅವಧಿ ಮೀರಿ ಹಾಳಾದ ಟೆಟ್ರಾಸೈಕ್ಲಿನ್ ಮೂತ್ರಪಿಂಡಕ್ಕೆ ಹಾನಿಮಾಡಿದ ಪ್ರಸಂಗಗಳು ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ. ಹೀಗೆ ಬಹುಕಾಲಕ್ಕೆಂದು ಕೂಡಿಟ್ಟ ಔಷಧವೇ ಬಹುಕಾಲ ಉಳಿಯದೆ ಹೋಗುವುದು ದ್ವೀಪದ ಉಗ್ರಾಣದ ಮೂಲಭೂತ ಇಕ್ಕಟ್ಟು.

ಇದಕ್ಕಿಂತ ಕಠಿಣವಾದುದು ಸಣ್ಣ ಸಂಖ್ಯೆಗಳ ಇಕ್ಕಟ್ಟು. ಬಿತ್ರ ದ್ವೀಪದ ವಿಸ್ತೀರ್ಣ ಚದರ ಕಿಲೋಮೀಟರಿನ ಹತ್ತನೆಯ ಒಂದು ಭಾಗದಷ್ಟು; 2011ರಲ್ಲಿ ಅಲ್ಲಿದ್ದವರು 271 ಮಂದಿ. ವರ್ಷಕ್ಕೆ ಸಾವಿರ ಜನರಲ್ಲಿ ಒಬ್ಬರಿಗೆ ತಗಲುವ, ಆದರೆ ಕೂಡಲೇ ಔಷಧ ದೊರೆಯದಿದ್ದರೆ ಪ್ರಾಣಾಪಾಯ ತರುವ ಒಂದು ಕಾಯಿಲೆಯನ್ನು ಕಲ್ಪಿಸಿಕೊಳ್ಳೋಣ. ಬಿತ್ರದಲ್ಲಿ ನಾಲ್ಕು ತಿಂಗಳ ಮಳೆಗಾಲದೊಳಗೆ ಅಂತಹ ಒಬ್ಬ ರೋಗಿ ಕಾಣಿಸಿಕೊಳ್ಳುವ ಸಂಭವ ಸುಮಾರು ಹನ್ನೆರಡರಲ್ಲಿ ಒಂದು. ಎಂದರೆ ಸರಾಸರಿ ಲೆಕ್ಕದಲ್ಲಿ ಹನ್ನೊಂದು ಮಳೆಗಾಲ ಆ ಔಷಧವನ್ನು ಕೊಂಡು, ಕಡಲು ದಾಟಿಸಿ, ಕಾಪಾಡಿ, ಕೊನೆಗೆ ಅವಧಿ ಮೀರಿತೆಂದು ಎಸೆಯಬೇಕು. ಹನ್ನೆರಡನೆಯದರಲ್ಲಿ ಅದು ಒಂದು ಜೀವವನ್ನು ಉಳಿಸುತ್ತದೆ. ಲೆಕ್ಕಪರಿಶೋಧಕನ ಕಣ್ಣಿಗೆ ಮೊದಲ ಹನ್ನೊಂದು ವರ್ಷಗಳದು ಅಪವ್ಯಯ. ಅವನ ಆಕ್ಷೇಪಣೆಗೆ ಹೆದರಿ ಹನ್ನೊಂದನೆಯ ವರ್ಷದಲ್ಲಿ ಬೇಡಿಕೆಪಟ್ಟಿಯಿಂದ ಆ ಔಷಧವನ್ನು ಕೈಬಿಟ್ಟ ಉಗ್ರಾಣಿಕನನ್ನು ನಿಯಮದ ಪ್ರಕಾರ ಯಾರೂ ದೂಷಿಸಲಾರರು. ಮುಖ್ಯಭೂಮಿಗೆಂದು ರಚಿತವಾದ ದಾಸ್ತಾನು ನಿಯಮಗಳನ್ನು ದ್ವೀಪಕ್ಕೆ ಯಥಾವತ್ತಾಗಿ ಅನ್ವಯಿಸಬಾರದೆಂಬ ವಾದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲವೆಂದು ನನ್ನ ಅಭಿಪ್ರಾಯ. ಕಡಿಮೆ ಬೇಕಾಗುವ ಔಷಧಗಳೂ ಉಂಟು. ಲಕ್ಷದ್ವೀಪ ರೇಬೀಸ್ ಇಲ್ಲದ ಪ್ರದೇಶ. ನಮ್ಮ ಗ್ರಾಮೀಣ ಆಸ್ಪತ್ರೆಗಳಲ್ಲಿ ಸದಾ ಬೇಡಿಕೆಯಲ್ಲಿರುವ ನಾಯಿಕಡಿತದ ಲಸಿಕೆಗೆ ಅಲ್ಲಿ ಆ ತುರ್ತಿಲ್ಲ.

ಕೆಲವು ವಸ್ತುಗಳನ್ನು ಎಷ್ಟು ಮುಂದಾಲೋಚನೆಯಿದ್ದರೂ ಕೂಡಿಡಲಾಗದು. ರಕ್ತದ ಕೆಂಪುಕಣಗಳನ್ನು ಶೀತಲೀಕರಿಸಿ ಸುಮಾರು ಐದಾರು ವಾರ ಇಡಬಹುದು. ಪ್ಲೇಟ್‌ಲೆಟ್‌ಗಳ ಆಯುಸ್ಸು ಸಾಮಾನ್ಯವಾಗಿ ಐದು ದಿನ ಮಾತ್ರ. ವಾರಕ್ಕೊಂದು ಹಡಗು ಬರುವ ದ್ವೀಪದಲ್ಲಿ ಪ್ಲೇಟ್‌ಲೆಟ್‌ನ ದಾಸ್ತಾನು ಎಂಬುದಕ್ಕೆ ಅರ್ಥವೇ ಇಲ್ಲ. ಅಲ್ಲಿ ರೋಗಿಯೇ ಔಷಧದ ಕಡೆಗೆ ಪ್ರಯಾಣ ಮಾಡಬೇಕು. ಎದುರಾಗಿ, ಕ್ಷಯ ಮತ್ತು ಕುಷ್ಠದ ಔಷಧಗಳಿಗೆ ಬೇಕಾದುದು ವೇಗವಲ್ಲ, ಎಡೆಬಿಡದ ಸಾತತ್ಯ. ಮಿನಿಕಾಯ್‌ನಲ್ಲಿ ಹಿಂದೆ ಕುಷ್ಠರೋಗಿಗಳನ್ನು ದ್ವೀಪದ ಉತ್ತರದ ತುದಿಯಲ್ಲಿ ಪ್ರತ್ಯೇಕವಾಗಿ ಇರಿಸುತ್ತಿದ್ದರು. ಬಹು ಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಮೇಲೆ ಆರು ಅಥವಾ ಹನ್ನೆರಡು ತಿಂಗಳ ಮಾತ್ರೆಗಳನ್ನು ತಿಂಗಳಿಗೊಂದರಂತೆ ಹಾಳೆಗಳಲ್ಲಿ ಜೋಡಿಸಿ ಕೊಡುವ ಕ್ರಮ ಬಂದಿತು. ಕಡಲ ಬಾಗಿಲು ಮುಚ್ಚುವ ನಾಡಿನಲ್ಲಿ ಈ ಹಾಳೆಗಳ ಉಪಯುಕ್ತತೆಯನ್ನು ವಿವರಿಸಬೇಕಾಗಿಲ್ಲ. ಮೇ ತಿಂಗಳಲ್ಲಿ ನಾಲ್ಕು ಹಾಳೆಗಳನ್ನು ಕೊಟ್ಟರೆ ಚಿಕಿತ್ಸೆ ಮಳೆಗಾಲವನ್ನು ದಾಟುತ್ತದೆ.

ಹವಳದ ಒಡ್ಡಿನ ಈಚೆಯ ನೀರು

ಹವಳದ ದ್ವೀಪದ ಸುತ್ತ, ಬಹುತೇಕ ಪಡುವಣ ಬದಿಗೆ, ನೀರಿನ ಮಟ್ಟಕ್ಕೆ ಬೆಳೆದುನಿಂತ ಹವಳದ ಒಡ್ಡು ಇರುತ್ತದೆ. ಒಡ್ಡಿನ ಒಳಗೆ ಆಳವಿಲ್ಲದ ತಿಳಿನೀರು. ಅದನ್ನು ಲಗೂನು ಎಂದು ಕರೆಯುತ್ತಾರೆ. ಒಡ್ಡಿನ ಹೊರಗೆ ಕಡಲು ಥಟ್ಟನೆ ಆಳಕ್ಕೆ ಇಳಿಯುತ್ತದೆ. ದೊಡ್ಡ ಹಡಗು ಲಗೂನನ್ನು ಪ್ರವೇಶಿಸಲಾರದು. ಕೆಲವು ದ್ವೀಪಗಳಲ್ಲಿ ಈಚೆಗೆ ಮೂಡಣ ದಡದಲ್ಲಿ ದಕ್ಕೆಗಳು ನಿರ್ಮಾಣವಾಗಿವೆಯಾದರೂ ಹಡಗು ಒಡ್ಡಿನ ಹೊರಗೆ ನಿಂತು, ಸಣ್ಣ ದೋಣಿಗಳು ಅದರ ಪಕ್ಕಕ್ಕೆ ಹೋಗಿ ಜನರನ್ನೂ ಸರಕನ್ನೂ ಇಳಿಸಿಕೊಳ್ಳುವ ಪದ್ಧತಿಯೇ ಬಹುಕಾಲದಿಂದ ನಡೆದುಬಂದಿದೆ. ಗಾಳಿಯ ದಿಕ್ಕಿಗೆ ತಕ್ಕಂತೆ ಇಳಿಸುವ ಬದಿಯೂ ಬದಲಾಗುತ್ತದೆ. ಆಂಡ್ರೋತ್ ದ್ವೀಪಕ್ಕೆ ಹೇಳಿಕೊಳ್ಳುವಂತಹ ಲಗೂನು ಇಲ್ಲದಿರುವುದರಿಂದ ಅಲ್ಲಿ ತೆರೆಯ ಹೊಡೆತ ನೇರವಾಗಿ ದಡಕ್ಕೇ ಬೀಳುತ್ತದೆ; ಆ ದ್ವೀಪವು ಗಾತ್ರದಲ್ಲಿ ಎಲ್ಲಕ್ಕಿಂತ ದೊಡ್ಡದಾದರೂ ಸರಕು ಇಳಿಸಲು ಅನುಕೂಲವಾದುದೇನಲ್ಲ.

ಮುನ್ನೂರು ಕಿಲೋಮೀಟರು ಸುರಕ್ಷಿತವಾಗಿ ಬಂದ ಔಷಧದ ಪೆಟ್ಟಿಗೆಗೆ ಕೊನೆಯ ಒಂದು ಕಿಲೋಮೀಟರು ಅತ್ಯಂತ ಅಪಾಯದ್ದು. ಹಡಗಿನ ಅಂಚು ಒಂದು ಲಯದಲ್ಲಿ, ದೋಣಿಯ ಅಂಚು ಇನ್ನೊಂದು ಲಯದಲ್ಲಿ ಏರಿಳಿಯುತ್ತಿರುತ್ತವೆ. ಎರಡೂ ಸಮಕ್ಕೆ ಬಂದ ಕ್ಷಣದಲ್ಲಿ ಪೆಟ್ಟಿಗೆ ಕೈಬದಲಾಗಬೇಕು. ಇಲ್ಲಿ ನಿರ್ಣಾಯಕವಾಗುವುದು ಪೆಟ್ಟಿಗೆಯ ತೂಕ. ಒಬ್ಬನೇ ಹಿಡಿಯಬಹುದಾದ ಪೆಟ್ಟಿಗೆ ದಡ ಸೇರುತ್ತದೆ. ಇಬ್ಬರು ಹಿಡಿಯಬೇಕಾದುದು ನೀರಿಗೆ ಬೀಳುವ ಸಂಭವ ಹೆಚ್ಚು. ಔಷಧವನ್ನು ಕಟ್ಟುವಾತನು ಮುಖ್ಯಭೂಮಿಯ ಗೋದಾಮಿನಲ್ಲಿ ಕುಳಿತು ದೊಡ್ಡ ಪೆಟ್ಟಿಗೆಯಿಂದ ಖರ್ಚು ಉಳಿಯಿತೆಂದು ಭಾವಿಸಬಹುದು. ಆ ಉಳಿತಾಯದ ಬೆಲೆ ತೆರುವವರು ಒಡ್ಡಿನ ಬಳಿಯ ದೋಣಿಯವರು.

ತೂಕದ ದೃಷ್ಟಿಯಿಂದ ನೋಡಿದಾಗ ಜೀವಜಲದ ಪೊಟ್ಟಣದ ಮಹತ್ವ ಎದ್ದು ಕಾಣುತ್ತದೆ. ಒಂದು ಲೀಟರು ಲವಣದ್ರಾವಣವೆಂದರೆ ಒಂದು ಕಿಲೋಗ್ರಾಮಿಗೂ ಮಿಕ್ಕ ಭಾರ. ಅದರಲ್ಲಿ ಬಹುಪಾಲು ನೀರೇ. ಒಂದು ಲೀಟರು ಕುಡಿಯುವ ದ್ರಾವಣ ಸಿದ್ಧಪಡಿಸುವ ಪೊಟ್ಟಣದ ತೂಕ ಈಗಿನ ಸೂತ್ರದಂತೆ 20.5 ಗ್ರಾಮು. ವಾಂತಿಭೇದಿಯ ರೋಗಿಗಳಲ್ಲಿ ಹೆಚ್ಚಿನವರಿಗೆ ಪೊಟ್ಟಣವೇ ಸಾಕಾಗುವುದರಿಂದ, ಬಾಟಲಿಯನ್ನು ತೀರ ನಿತ್ರಾಣರಾದವರಿಗೆ ಮೀಸಲಿಟ್ಟರೆ ಸಾಗಣೆಯ ಭಾರ ಬಹುವಾಗಿ ತಗ್ಗುತ್ತದೆ. ಆದರೆ ಪೊಟ್ಟಣಕ್ಕೆ ಬೇಕಾದ ಶುದ್ಧನೀರು ದ್ವೀಪದಲ್ಲಿಯೇ ದೊರೆಯಬೇಕು. ಹವಳದ ಮರಳಿನ ಕೆಳಗೆ ಉಪ್ಪುನೀರಿನ ಮೇಲೆ ತೇಲುವ ತೆಳುವಾದ ಸಿಹಿನೀರಿನ ಪದರವೇ ಅಲ್ಲಿಯ ಬಾವಿಗಳಿಗೆ ಆಧಾರ. ಅದು ಬಹುಬೇಗ ಮಲಿನಗೊಳ್ಳುತ್ತದೆ. ಕವರತ್ತಿಯಲ್ಲಿ 2005ರಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ದಿನಕ್ಕೆ ಒಂದು ಲಕ್ಷ ಲೀಟರು ಸಾಮರ್ಥ್ಯದ, ಕಡಲ ನೀರನ್ನು ಸಿಹಿಗೊಳಿಸುವ ಸ್ಥಾವರವನ್ನು ಸ್ಥಾಪಿಸಿತು. ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಇದು ಬರುವುದಿಲ್ಲವಾದರೂ ಔಷಧದ ಸರಬರಾಜಿಗೆ ಇದೂ ಸಂಬಂಧಪಟ್ಟುದೇ.

ಆಮ್ಲಜನಕದ ವಿಷಯದಲ್ಲಿ ಇಂತಹ ಸುಲಭೋಪಾಯವಿಲ್ಲ. ಉಕ್ಕಿನ ಸಿಲಿಂಡರಿನ ತೂಕವೇ ಅದರೊಳಗಿನ ಅನಿಲದ ತೂಕದ ಹಲವು ಪಟ್ಟು. ಅದನ್ನು ಎಣ್ಣೆ, ಗ್ರೀಸುಗಳ ಸಂಪರ್ಕದಿಂದ ದೂರವಿಡಬೇಕು. ಎಂಜಿನ್ನಿನ ಎಣ್ಣೆ ಸೋರುವ ದೋಣಿಯಲ್ಲಿ ಇದು ಸುಲಭದ ಮಾತಲ್ಲ. ಮೇಲಾಗಿ ಖಾಲಿಯಾದುದನ್ನು ಅದೇ ದಾರಿಯಲ್ಲಿ ಹಿಂದಕ್ಕೆ ಸಾಗಿಸದೆ ಮತ್ತೆ ತುಂಬಿಸಲಾಗದು. 2021ರ ಏಪ್ರಿಲ್ ಕೊನೆಯಲ್ಲಿ ಕೋವಿಡ್ ಹಬ್ಬಿದಾಗ ನೌಕಾಪಡೆಯ ‘ಶಾರದಾ’ ನೌಕೆ ಕೊಚ್ಚಿಯಿಂದ 35 ಆಮ್ಲಜನಕ ಸಿಲಿಂಡರುಗಳನ್ನೂ, ಪರೀಕ್ಷಾ ಸಾಧನಗಳನ್ನೂ, ರಕ್ಷಣಾ ಉಡುಪುಗಳನ್ನೂ ಕವರತ್ತಿಗೆ ಒಯ್ದಿತು. ದ್ವೀಪಗಳಲ್ಲಿ ಬರಿದಾದ ಸಿಲಿಂಡರುಗಳನ್ನು ಇನ್ನೊಂದು ನೌಕೆ ಕೊಚ್ಚಿಗೆ ತಂದು ತುಂಬಿಸಿಕೊಂಡು ಹೋಗಬೇಕಾಯಿತು. ತುಂಬಿದ ಸಿಲಿಂಡರು ಹೋದ ವಾರ್ತೆ ಎಲ್ಲೆಡೆ ಪ್ರಕಟವಾಯಿತು. ಖಾಲಿ ಸಿಲಿಂಡರಿನ ಮರುಪಯಣವು ಅಷ್ಟಾಗಿ ಗಮನ ಸೆಳೆಯಲಿಲ್ಲವಾದರೂ ಎರಡನೆಯ ಕಂತಿನ ಆಮ್ಲಜನಕವು ಅದನ್ನೇ ಅವಲಂಬಿಸಿತ್ತು.

ಶೈತ್ಯ ಸರಪಳಿ

ಲಸಿಕೆಗಳಲ್ಲಿ ಬಹುಪಾಲನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕು. ಇನ್ಸುಲಿನ್, ಹೆರಿಗೆಯ ರಕ್ತಸ್ರಾವವನ್ನು ತಡೆಯುವ ಆಕ್ಸಿಟೋಸಿನ್ ಇವೂ ತಂಪನ್ನು ಬೇಡುತ್ತವೆ. ತಯಾರಕನಿಂದ ರೋಗಿಯವರೆಗೆ ಈ ತಂಪನ್ನು ಎಲ್ಲಿಯೂ ಕಡಿಯದಂತೆ ಕಾಯುವ ವ್ಯವಸ್ಥೆಗೆ ಶೈತ್ಯ ಸರಪಳಿ ಎಂದು ಹೆಸರು. ಮುಚ್ಚಿದ ಶೀತಪೆಟ್ಟಿಗೆ ಕೆಲವು ದಿನ ತಂಪನ್ನು ಹಿಡಿದಿಡಬಲ್ಲುದು. ಹೆಗಲಿಗೇರಿಸಿ ಒಯ್ಯುವ ಲಸಿಕಾವಾಹಕದಲ್ಲಿ ಆ ಅವಧಿ ಕಡಿಮೆ. ಹಡಗು ಒಡ್ಡಿನ ಹೊರಗೆ ತೆರೆ ಇಳಿಯುವುದನ್ನು ಕಾಯುತ್ತ ನಿಂತ ಒಂದೊಂದು ಗಂಟೆಯೂ ಈ ಅವಧಿಯಿಂದಲೇ ಕಳೆಯುತ್ತದೆ.

ಸಾಮಾನ್ಯವಾಗಿ ಬಿಸಿಯೊಂದೇ ಲಸಿಕೆಯ ಶತ್ರುವೆಂಬ ಭಾವನೆಯಿದೆ. ಅತಿಯಾದ ತಣ್ಪೂ ಅಷ್ಟೇ ಅಪಾಯಕರ. ಧನುರ್ವಾಯು, ಗಂಟಲಮಾರಿ, ಹೆಪಟೈಟಿಸ್-ಬಿ ಲಸಿಕೆಗಳು ಒಮ್ಮೆ ಹೆಪ್ಪುಗಟ್ಟಿದರೆ ನಿರುಪಯುಕ್ತವಾಗುತ್ತವೆ. ದೀರ್ಘಯಾನಕ್ಕೆಂದು ಕಾಳಜಿಯಿಂದ ಹೆಚ್ಚು ಮಂಜುಗಡ್ಡೆ ತುಂಬಿಸುವ ಆರೋಗ್ಯ ಕಾರ್ಯಕರ್ತನೇ ತಿಳಿಯದೆ ಲಸಿಕೆಯನ್ನು ಕೆಡಿಸುವ ಸಂಭವವುಂಟು. ಆದುದರಿಂದ ಮಂಜಿನ ಚೀಲಗಳನ್ನು ಹೊರಗಿರಿಸಿ, ಅಲುಗಾಡಿಸಿದಾಗ ಒಳಗೆ ನೀರು ಕುಲುಕುವ ಸದ್ದು ಕೇಳಿಸಿದ ಮೇಲೆಯೇ ಪೆಟ್ಟಿಗೆಗೆ ಇಡಬೇಕೆಂಬ ನಿಯಮವಿದೆ. ಲಸಿಕೆ ಹೆಪ್ಪುಗಟ್ಟಿತ್ತೇ ಎಂಬ ಸಂಶಯ ಬಂದರೆ ಅದಕ್ಕೊಂದು ಸರಳ ಪರೀಕ್ಷೆ ಉಂಟು: ಸಂಶಯದ ಸೀಸೆಯನ್ನೂ, ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿದ ಅದೇ ತಂಡದ ಇನ್ನೊಂದು ಸೀಸೆಯನ್ನೂ ಒಟ್ಟಿಗೆ ಅಲ್ಲಾಡಿಸಿ ನಿಲ್ಲಿಸಬೇಕು. ಎರಡರಲ್ಲಿಯೂ ಗಷ್ಟು ಒಂದೇ ವೇಗದಲ್ಲಿ ತಳಕ್ಕಿಳಿದರೆ ಸಂಶಯ ನಿಜ. ಆ ಲಸಿಕೆಯನ್ನು ಎಸೆಯಬೇಕು. ಬಿಸಿಯ ಹಾನಿಯನ್ನು ತಿಳಿಯಲು ಸೀಸೆಯ ಮೇಲೆ ಅಂಟಿಸಿದ ಸೂಚಕವಿರುತ್ತದೆ. ವೃತ್ತದೊಳಗಿನ ಚೌಕವು ಹೊರಗಿನ ಬಣ್ಣಕ್ಕಿಂತ ತಿಳಿಯಾಗಿರುವವರೆಗೆ ಲಸಿಕೆ ಬಳಸಬಹುದು. ಎರಡೂ ಒಂದೇ ಬಣ್ಣವಾದರೆ ಬಳಸಬಾರದು. ಮುಖ್ಯಭೂಮಿಯನ್ನು ದೂರವಾಣಿಯಲ್ಲಿ ಕೇಳಿ ತಿಳಿಯಲಾಗದ ಕಾಲದಲ್ಲಿ ದ್ವೀಪದ ದಾದಿಗೆ ತಾನೇ ತೀರ್ಮಾನಿಸುವ ಅಧಿಕಾರವನ್ನು ಕೊಟ್ಟುದು ಈ ಪುಟ್ಟ ಚೌಕವೆನ್ನಬಹುದು.

ಹಡಗು ತರುವ ಇನ್ನೊಂದು ಸರಕು

ಔಷಧ ತರುವ ಹಡಗೇ ರೋಗವನ್ನೂ ತರಬಲ್ಲುದು. 1918ರ ನವೆಂಬರಿನಲ್ಲಿ ‘ತಲೂನ್’ ಎಂಬ ಹಡಗು ನ್ಯೂಜಿಲೆಂಡಿನಿಂದ ಪಶ್ಚಿಮ ಸಮೋವಾಕ್ಕೆ ಇನ್‌ಫ್ಲುಯೆಂಜಾ ಹೊತ್ತುತಂದಿತು. ಅಲ್ಲಿಯ ಜನರಲ್ಲಿ ಐದನೆಯ ಒಂದು ಭಾಗದಷ್ಟು ಮಂದಿ ಮಡಿದರು. ಪಕ್ಕದ ಅಮೆರಿಕನ್ ಸಮೋವಾವು ಹಡಗುಗಳನ್ನು ಕಟ್ಟುನಿಟ್ಟಾಗಿ ತಡೆದಿದ್ದುದರಿಂದ ಅಲ್ಲಿ ಆ ರೋಗಕ್ಕೆ ಯಾರೂ ಬಲಿಯಾಗಲಿಲ್ಲ. ನೂರು ವರ್ಷಗಳ ಅನಂತರ ಲಕ್ಷದ್ವೀಪದಲ್ಲಿ ಎರಡೂ ಅಧ್ಯಾಯಗಳು ಒಂದರ ಹಿಂದೊಂದು ನಡೆದವು. 2020ರ ವರ್ಷವಿಡೀ ಅಲ್ಲಿ ಕೋವಿಡ್ ಕಾಣಿಸಿಕೊಳ್ಳಲಿಲ್ಲ. ಕೊಚ್ಚಿಯಲ್ಲಿ ಹಡಗು ಹತ್ತುವ ಮುನ್ನ ಪ್ರಯಾಣಿಕರು ಪ್ರತ್ಯೇಕವಾಸದಲ್ಲಿ ಇರಬೇಕಿತ್ತು. 2020ರ ಡಿಸೆಂಬರ್ ಕೊನೆಯಲ್ಲಿ ಈ ನಿಯಮ ಸಡಿಲಗೊಂಡು, ಸೋಂಕಿಲ್ಲವೆಂಬ ಪರೀಕ್ಷಾಪತ್ರವಷ್ಟೇ ಸಾಕೆಂದಾಯಿತು. ಮೊದಲ ಪ್ರಕರಣ 2021ರ ಜನವರಿ 18ರಂದು ದೃಢಪಟ್ಟಿತು. ಕೊಚ್ಚಿಯಿಂದ ಹಡಗಿನಲ್ಲಿ ಬಂದ ಪ್ರಯಾಣಿಕರೊಬ್ಬರಲ್ಲಿ. ಅದೇ ತಿಂಗಳು ಅದೇ ಕಡಲ ಹಾದಿಯನ್ನು ನಂಬಿ ಲಸಿಕಾಕಾರ್ಯವೂ ಆರಂಭವಾಗಿತ್ತು. ಸಡಿಲಿಕೆಯ ಬಗ್ಗೆ ಆಗ ಎದ್ದ ವಾದವಿವಾದವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಹಡಗನ್ನು ಪೂರ್ತಿ ತಡೆದರೆ ಔಷಧವೂ ನಿಲ್ಲುತ್ತದೆ, ಚಿಕಿತ್ಸೆ ಮುಗಿಸಿದ ರೋಗಿ ಮನೆಗೆ ಮರಳುವುದೂ ನಿಲ್ಲುತ್ತದೆ. ಹಡಗನ್ನಲ್ಲದೆ ಪ್ರಯಾಣಿಕನನ್ನು ಮಾತ್ರ ತಡೆದು ನಿಲ್ಲಿಸಿದ ಕ್ರಮ ಹತ್ತು ತಿಂಗಳ ಕಾಲ ಫಲಿಸಿತ್ತು ಎಂಬುದು ಗಮನಾರ್ಹ.

ಹೊಳೆಯ ನಡುವಣ ದ್ವೀಪಗಳು

ಕಾಲವೇ ಮುಖ್ಯವೆಂಬ ಮಾತು ಕಡಲಿನ ದ್ವೀಪಗಳಿಗೆ ಮಾತ್ರ ಅನ್ವಯಿಸುವುದಲ್ಲ. ಅಸ್ಸಾಮಿನ ಬ್ರಹ್ಮಪುತ್ರದಲ್ಲಿ ಮರಳಿನ ನಡುಗಡ್ಡೆಗಳು ಎರಡು ಸಾವಿರಕ್ಕೂ ಹೆಚ್ಚಿವೆ. ಪ್ರವಾಹಕ್ಕೆ ಸಿಕ್ಕಿ ಅವು ಕರಗುತ್ತವೆ, ಬೇರೆಡೆ ಏಳುತ್ತವೆ. ಅಲ್ಲಿ ಕಟ್ಟಡ ಕಟ್ಟಿ ಔಷಧ ದಾಸ್ತಾನಿಡುವುದೇ ಅಸಾಧ್ಯ. ಈಶಾನ್ಯ ಅಧ್ಯಯನ ಮತ್ತು ನೀತಿ ಸಂಶೋಧನ ಕೇಂದ್ರವು 2005ರಲ್ಲಿ ದಿಬ್ರುಗಢದಲ್ಲಿ ‘ಆಖಾ’ – ಎಂದರೆ ಭರವಸೆ – ಎಂಬ ದೋಣಿಯಿಂದ ಆರಂಭಿಸಿದ ದೋಣಿ ಚಿಕಿತ್ಸಾಲಯಗಳು ಮುಂದೆ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಸಹಯೋಗದಲ್ಲಿ ಹಲವು ಜಿಲ್ಲೆಗಳಿಗೆ ಹಬ್ಬಿದವು. ಇಲ್ಲಿ ಪೆಟ್ಟಿಗೆಯ ಬದಲು ವೈದ್ಯರು, ದಾದಿಯರು, ಪ್ರಯೋಗಾಲಯ, ಔಷಧಾಲಯಗಳೇ ದೋಣಿಯೇರಿ ಕೆಲವು ದಿನಗಳ ಸುತ್ತಿಗೆ ಹೊರಡುತ್ತವೆ. ಬಾಂಗ್ಲಾದೇಶದಲ್ಲಿ ‘ಫ್ರೆಂಡ್‌ಶಿಪ್’ ಸಂಸ್ಥೆಯು 2002ರಿಂದ ತೇಲುವ ಆಸ್ಪತ್ರೆ ನಡೆಸುತ್ತ ಬಂದಿದೆ. ಒಡ್ಡು, ತೆರೆಗಳಿಲ್ಲದ ಹೊಳೆಯಲ್ಲಿ ಇದು ಸಾಧ್ಯ. ಲಕ್ಷದ್ವೀಪಕ್ಕೆ ಈ ಮಾದರಿಯನ್ನು ಹಾಗೆಯೇ ಒಯ್ಯಲಾಗದು.

ನಮ್ಮ ಕೃಷ್ಣಾನದಿಯ ಗಡ್ಡೆಗಳ ಸ್ಥಿತಿಯನ್ನೂ ಇಲ್ಲಿ ಒಂದು ಮಾತಿನಲ್ಲಿ ನೆನೆಯಬೇಕು. ರಾಯಚೂರು, ಯಾದಗಿರಿ ಜಿಲ್ಲೆಗಳ ಈ ನಡುಗಡ್ಡೆಗಳಿಗೂ ದಡಕ್ಕೂ ಇರುವ ಅಂತರ ಒಂದೆರಡು ಕಿಲೋಮೀಟರಿಗಿಂತ ಹೆಚ್ಚಲ್ಲ. ಬೇಸಗೆಯಲ್ಲಿ ಹರಿಗೋಲಿನಲ್ಲಿ ದಾಟುವ ಆ ಅಂತರ, ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟ ದಿನ ದಾಟಲಾರದ ಅಂತರವಾಗುತ್ತದೆ. 2014ರ ಮಳೆಗಾಲದಲ್ಲಿ ಅಂತಹ ಒಂದು ಗಡ್ಡೆಯಿಂದ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆಬುರುಡೆಗಳನ್ನು ಕಟ್ಟಿಕೊಂಡು, ಮನೆಯವರ ನೆರವಿನಿಂದ, ತುಂಬಿದ ಹೊಳೆಯನ್ನು ಈಜಿ ಹೆರಿಗೆಗಾಗಿ ದಡ ಸೇರಿದರು. ಮುನ್ನೂರು ಕಿಲೋಮೀಟರು ದೂರದ ಕಿಲ್ತಾನಿಗೂ ಕಣ್ಣಳತೆಯ ಈ ಗಡ್ಡೆಗೂ ವೈದ್ಯಕೀಯ ದೃಷ್ಟಿಯಿಂದ ಆ ದಿನ ವ್ಯತ್ಯಾಸವಿರಲಿಲ್ಲ.

ಮತ್ತೆ ಮಂಗಳೂರಿಗೆ

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು ಇಂದಿಗೂ ತರಕಾರಿ, ದಿನಸಿ, ಕಟ್ಟಡ ಸಾಮಗ್ರಿಗಳನ್ನು ಒಯ್ಯುತ್ತವೆ. ಔಷಧ ಸರಬರಾಜಿನ ಮುಖ್ಯ ದಾರಿ ಬಹುಕಾಲದಿಂದ ಕೊಚ್ಚಿಯ ಕಡೆಗೆ ತಿರುಗಿದೆಯಾದರೂ ಚಿಕಿತ್ಸೆಗಾಗಿ ಮಂಗಳೂರಿನ ಆಸ್ಪತ್ರೆಗಳಿಗೆ ಬರುವ ದ್ವೀಪವಾಸಿಗಳು ಇದ್ದೇ ಇದ್ದಾರೆ. ಕೆಲವು ವರ್ಷ ನಿಂತಿದ್ದ ಪ್ರಯಾಣಿಕ ನೌಕೆಯ ಸಂಚಾರ ಮತ್ತೆ ನಡೆದು, 2024ರ ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ನೌಕೆಯೊಂದು ಹಳೆ ಬಂದರಿಗೆ ಬಂದುದನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು. ಅದು ಬಂದುದೂ ಕಡಲಿನ ಬಾಗಿಲು ಮುಚ್ಚುವ ತಿಂಗಳಲ್ಲೇ.

ಈ ವಿಷಯದಲ್ಲಿ ಮುಂದಿನ ಸಂಶೋಧಕರು ಕೈಹಾಕಬೇಕಾದ ದಾಖಲೆಗಳು ಎರಡು ಬಗೆಯವು. ಬಂದರಿನಲ್ಲಿ ಓಡ, ಮಂಜಿಗಳು ಬಂದು ಹೋದ ದಿನಾಂಕಗಳ ಪುಸ್ತಕಗಳು ಒಂದು ಬಗೆ. ಆರೋಗ್ಯ ಕೇಂದ್ರಗಳ ಬೇಡಿಕೆಪಟ್ಟಿಗಳು ಇನ್ನೊಂದು ಬಗೆ. ಇವೆರಡನ್ನು ಒಂದರ ಪಕ್ಕ ಒಂದಿಟ್ಟು ಓದುವವರಿಗೆ ಕೇಳಿದ ಔಷಧ ಯಾವುದು, ಕೇಳಿದ ತಿಂಗಳು ಯಾವುದು, ಬಂದ ತಿಂಗಳು ಯಾವುದು ಎಂಬುದು ಸ್ಪಷ್ಟವಾದೀತು. ಏಪ್ರಿಲ್‌ನಲ್ಲಿ ಬರೆದು ಅಕ್ಟೋಬರಿನಲ್ಲಿ ಪೂರೈಕೆಯಾದ ಒಂದು ಬೇಡಿಕೆಪಟ್ಟಿಯು ವಾರ್ಷಿಕ ವರದಿಯಲ್ಲಿ ಪೂರೈಸಿದ ಬೇಡಿಕೆಯೆಂದೇ ಎಣಿಕೆಯಾಗುತ್ತದೆ. ಅದರ ನಡುವಿನ ಮಳೆಗಾಲ ಆ ವರದಿಯಲ್ಲಿ ಇರುವುದಿಲ್ಲ.